ಚರಂಡಿಗೆ ಹರಿದ ಕುಂಕುಮ

ನಮ್ಮ ವಂಶದಲ್ಲಿ ಹೆಸರಿನ ಪಕ್ಕ ಬಿ.ಎಸ್ಸಿ. ಎಂದು ಬರೆದುಕೊಂಡವಳು ನಾನೇ ಮೊದಲು. ಹೇಳಿಕೊಳ್ಳಲು ಆಗಲೂ ಸಂಕೋಚವಿರಲಿಲ್ಲ, ಈಗಲೂ ಇಲ್ಲ. ಅಪ್ಪ ಮಂಡಿಯಲ್ಲಿ ಬೆಲ್ಲದ ಮೂಟೆ ಹೊರುತ್ತಿದ್ದರು, ಅಮ್ಮ ಕೈಗಡಿಯಾರದ ಪಟ್ಟಿ ಹೊಲಿಯುತ್ತಿದ್ದಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಆಮ್ಲ, ಪ್ರತ್ಯಾಮ್ಲ ಎಂದು ಓದಿ, ಪಿಯುಸಿಯಲ್ಲಿ ಅವೇ ಇಂಗ್ಲಿಷ್ ಹೆಸರಿಟ್ಟುಕೊಂಡು ಎದುರು ಬಂದಾಗ ಗುರುತು ಸಿಗದೆ ಅತ್ತಿದ್ದೇನೆ. ಅತ್ತ ಸಿಟ್ಟಿಗೇ ಕೆಮಿಸ್ಟ್ರಿ ಇರುವ ಡಿಗ್ರಿ ಹಿಡಿದು ಪಾಸು ಮಾಡಿದೆ. ಇಷ್ಟೆಲ್ಲ ಓದಿ ಎಲ್ಲಿ ಕೆಲಸ ಸಿಕ್ಕಿತೆಂದರೆ, ಅಮ್ಮ ಪಟ್ಟಿ ಹೊಲಿಯುತ್ತಿದ್ದ ಶೆಡ್ಡಿನಲ್ಲೇ. ಸೂಪರ್‌ವೈಸರ್ ಆಗಿ.

ಶೆಡ್ಡು ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ದಾರಿಯುದ್ದಕ್ಕೂ ನನ್ನನ್ನು ‘ಏನೇ’, ‘ಹೋಗೇ’ ಎನ್ನುತ್ತಿದ್ದ ಅಮ್ಮ ಗೇಟು ದಾಟಿದ ಕೂಡಲೇ “ಮೇಡಂ, ದಾರ ಮುಗ್ದೋಗದೆ ಮೇಡಂ” ಎನ್ನುವಳು. ಅದರಲ್ಲಿ ಗೌರವ ಎಷ್ಟಿತ್ತು, ಕೊಂಕು ಎಷ್ಟಿತ್ತು ಎಂದು ಬೇರ್ಪಡಿಸಲು ನಾನು ಓದಿದ ಕೆಮಿಸ್ಟ್ರಿ ಸಾಲುತ್ತಿರಲಿಲ್ಲ.

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಅಮ್ಮನ ಕೊರಳಲ್ಲಿ ಲಿಂಗ. ತಾನು ಹೊಲಿಯುವುದು ತೊಗಲು ಎಂದು ಅವಳು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ‘ಪಟ್ಟಿ ಕೆಲಸ’ ಎನ್ನುವಳು. ಸಂಜೆ ಮನೆಗೆ ಬಂದು ಸ್ನಾನ ಮಾಡದೆ ಒಲೆ ಮುಟ್ಟುತ್ತಿರಲಿಲ್ಲ. ಹದಮಾಡಿ ಬಣ್ಣ ಹಾಕಿ ಕತ್ತರಿಸಿದ ತೊಗಲು ಬೇರೆಲ್ಲಿಂದಲೋ ಬರುತ್ತಿತ್ತು. ನಮ್ಮ ಹೆಂಗಸರದು ಬರೀ ಹೊಲಿಗೆ. ಆ ಪಟ್ಟಿಗಳು ಯಾವ ಗಡಿಯಾರಕ್ಕೆ ಹೋಗುತ್ತಿದ್ದವೋ ಅದನ್ನು ನಾವ್ಯಾರೂ ಕಣ್ಣಾರೆ ಕಂಡಿರಲಿಲ್ಲ. ಪರದೇಶದ ಕಂಪನಿ. ಅದರ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲವಾಗಿ ‘ಫಾರಿನ್‌ನೋರು’ ಎಂದೇ ಕರೆಯುತ್ತಿದ್ದೆವು. ಅಂಥ ಗಡಿಯಾರ ಕಟ್ಟಿಕೊಳ್ಳುವವರಿಗೆ ಟೈಮು ಹೇಳಲು ಆಳುಗಳೇ ಇರುತ್ತಾರೆ, ಗಡಿಯಾರ ಯಾಕೆ ಬೇಕು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಫಾರಿನ್‌ನವರಿಗೆ ಭೂಮಿಯ ಮೇಲೆ ಇದ್ದಕ್ಕಿದ್ದಂತೆ ಮಮತೆ ಹುಟ್ಟಿತು. ಮರಗಳನ್ನು ಉಳಿಸಬೇಕೆಂದು ಹೇಳುವ ಒಂದು ಪುಸ್ತಕ ಬಂತು. ಅಷ್ಟು ದಪ್ಪದ ಕಾಗದವನ್ನು ನಾನು ಮದುವೆ ಪತ್ರಿಕೆಗಳಲ್ಲೂ ನೋಡಿರಲಿಲ್ಲ. ಪುಟಪುಟಕ್ಕೂ ಹಿಮದ ಬೆಟ್ಟ, ತಿಳಿನೀರಿನ ಕೆರೆ. ಗಡಿಯಾರದಿಂದ ಭೂಮಿಗೆ ನೋವಾಗಬಾರದು, ಗಡಿಯಾರ ಮಾಡುವ ಕೈಗಳಿಗೂ ನೋವಾಗಬಾರದು ಎಂಬುದು ಅದರ ಸಾರ. ನಾನದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿದ್ದ ಹೆಂಗಸರು ನಿಂತು ಓದಿ, “ಒಳ್ಳೇ ಜನ ಪಾಪ” ಎಂದರು.

ಪುಸ್ತಕದ ಹಿಂದೆಯೇ ಸುದ್ದಿ ಬಂತು. ಕಂಪನಿ ಕಡೆಯಿಂದ ಒಬ್ಬ ಮಹಿಳೆ ತಪಾಸಣೆಗೆ ಬರುತ್ತಾರಂತೆ. ನೀರು, ಗಾಳಿ, ಕಸ, ಕೆಲಸದವರ ಸುಖದುಃಖ ಎಲ್ಲ ನೋಡುತ್ತಾರಂತೆ. ನಮ್ಮ ಯಜಮಾನರು ಎಲ್ಲರನ್ನೂ ಕೂರಿಸಿ ನೇರವಾಗಿಯೇ ಹೇಳಿದರು. “ನೋಡಿ ತಾಯಂದಿರಾ, ನಮಗಿರೋದು ಇದೊಂದೇ ಆರ್ಡರು. ಆಯಮ್ಮ ಸರಿಯಿದೆ ಅಂದ್ರೆ ಉಳೀತೀವಿ. ಸರಿಯಿಲ್ಲ ಅಂದ್ರೆ ಶೆಡ್ಡಿಗೆ ಬೀಗ.” ಅಮ್ಮನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಅಪ್ಪನ ಬೆನ್ನು ಆಗಲೇ ಮೂಟೆ ಬೇಡ ಎನ್ನುತ್ತಿತ್ತು. ನನಗೂ ಈ ಕೆಲಸ ಬಿಟ್ಟರೆ ಡಿಗ್ರಿ ಹಿಡಿದು ಮತ್ತೆ ಬಾಗಿಲು ಬಾಗಿಲು ಅಲೆಯುವುದೇ.

ತಪಾಸಣೆ ದಸರಾ ಮುಗಿದ ಮೇಲೆ ಎಂದಿತ್ತು. ಆದರೆ ಆಯಮ್ಮನಿಗೆ ಯಾರೋ ಜಂಬೂಸವಾರಿಯ ವಿಷಯ ಹೇಳಿದ್ದರು. ಆನೆ ನೋಡುವ ಆಸೆಗೆ ಮೊದಲೇ ಮೈಸೂರಿಗೆ ಬಂದಿಳಿದು, ಹೇಗೂ ಬಂದಿದ್ದೇನೆ, ಕೆಲಸ ಮುಗಿಸಿಬಿಡುತ್ತೇನೆ ಎಂದು ಹೋಟೆಲಿನಿಂದ ಫೋನು ಮಾಡಿದರು. ಅದು ಆಯುಧಪೂಜೆಯ ದಿನ.

ಫೋನು ಬಂದಾಗ ನಮ್ಮ ಪೂಜೆ ಆಗಷ್ಟೇ ಮುಗಿದಿತ್ತು. ಸೂಜಿ, ಕತ್ತರಿ, ದಬ್ಬಳಗಳನ್ನೆಲ್ಲ ಕೆಂಪು ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿ, ಗಂಧ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದ್ದೆವು. ತೊಗಲನ್ನು ಮಾತ್ರ ದೇವರ ಕಣ್ಣಿಗೆ ಬೀಳದಂತೆ ಹಿಂದಿನ ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದೆವು. ಗೇಟಿನ ಮುಂದೆ ಬೂದುಗುಂಬಳಕಾಯಿಯ ತಲೆ ಕೊರೆದು, ಒಳಗೆ ಕುಂಕುಮ ತುಂಬಿ, ಯಜಮಾನರು ನೆಲಕ್ಕೆ ಅಪ್ಪಳಿಸಿದ್ದರು. ದೃಷ್ಟಿ ತೆಗೆದ ಕಾಯಿಯನ್ನು ಯಾರೂ ಮುಟ್ಟುವುದಿಲ್ಲ, ದಾಟುವುದೂ ಇಲ್ಲ. ಒಣಗಿ ದನ ತಿಂದು ಹೋಗುವವರೆಗೆ ಅದು ಅಲ್ಲೇ ಬಿದ್ದಿರುವುದು ವಾಡಿಕೆ. ಊರಿಗೆ ಊರೇ ಅವತ್ತು ಹಾಗಿರುತ್ತದೆ.

“ಅಯ್ಯಯ್ಯೋ, ಆಯಮ್ಮ ಬಂದ್ರೆ ಇದೇನು ರಣರಂಗ ಅಂದ್ಕೋತಾರೆ!” ಎಂದರು ಯಜಮಾನರು.

ಅಮ್ಮನಿಗೆ ಶುಚಿ ಎಂದರೆ ಪ್ರಾಣ. “ಮುಟ್ಟೋದ್ ಯಾಕ್ ಸ್ವಾಮಿ? ದೂರದಿಂದ್ಲೇ ನೀರ್ ಬುಡಾನ” ಎಂದು ಪೈಪು ತಂದಳು. ನಜರ್‌ಬಾದಿನಿಂದ ಬರುತ್ತಿದ್ದ ಹೆಂಗಸೊಬ್ಬಳು ನಲ್ಲಿ ತಿರುಗಿಸಿದಳು. ಹೋಳುಗಳು ಬೇಲಿ ಸೇರಿದವು. ಅಂಗಳ ಹೊಳೆಯಿತು. ನಾನೂ ಮೆಚ್ಚಿ, “ಸಾಕು ಬುಡಮ್ಮ, ಕನ್ನಡಿ ಆಗೋಯ್ತು” ಎಂದೆ. ಕೆಂಪು ನೀರೆಲ್ಲ ಎಲ್ಲಿಗೆ ಹೋಯಿತೆಂದು ನಾವ್ಯಾರೂ ನೋಡಲಿಲ್ಲ. ಚರಂಡಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?

ಆಯಮ್ಮ ಬಂದರು. ಖಾದಿ ಜುಬ್ಬ, ನೆರೆತ ಕೂದಲು, ನಗುಮುಖ. ಕೈಯಲ್ಲಿ ಗಡಿಯಾರ ಇರಲಿಲ್ಲ. ಮಾತು ಆ ಕಡೆ ಈ ಕಡೆ ದಾಟಿಸುವ ಕೆಲಸ ನನ್ನದಾಯಿತು. ಮೊದಲು, ಒಂದು ಪಟ್ಟಿ ಹೊಲಿದು ತೋರಿಸಲಿ ಎಂದರು.

ಯಜಮಾನರು ಅಮ್ಮನ ಕಡೆ ತಿರುಗಿದರು. “ನೀವೇ ಸೀನಿಯರು. ಒಂದೇ ಒಂದು ಹೊಲಿಗೆ ಹಾಕಿ ಕಣಮ್ಮ.”

“ದೇವ್ರ ಮುಂದೆ ಮಲ್ಗಿರೋ ಸೂಜಿನ ಎಬ್ಸಾದಾ? ನಾಳೆ ಮರುಪೂಜೆ ಆಗ್ಲಿ, ಬೇಕಾದಷ್ಟ್ ಹೊಲೀತೀನಿ.”

“ನಾಳೆ ಆಯಮ್ಮ ಜಂಬೂಸವಾರಿಗೆ ಹೋಗ್ತಾರೆ, ಇಲ್ಲಿಗೆ ಬರಲ್ಲ ತಾಯಿ. ಆರ್ಡರ್ ಹೋಯ್ತದೆ!”

“ಹೋದ್ರೆ ಹೋಗ್ಲಿ ಬುಡಿ. ಸೂಜಿ ಮುನಿಸ್ಕೊಂಡ್ರೆ ಆರ್ಡರ್ ಇಟ್ಕೊಂಡ್ ಏನ್ ಮಾಡೀರಿ?” ಹೆಂಗಸರೆಲ್ಲ ಅವಳ ಹಿಂದೆ ಕೈಕಟ್ಟಿ ನಿಂತರು. ನಾನು ಕಣ್ಣಲ್ಲೇ ಬೇಡಿಕೊಂಡೆ. “ಮೇಡಂಗೆ ಗೊತ್ತಿಲ್ವಾ ಪದ್ಧತಿ?” ಎಂದು ನನಗೂ ಒಂದು ಬಿಟ್ಟಳು.

ಏನಂತೆ ಎಂದು ಆಯಮ್ಮ ಕೇಳಿದರು. ಇವತ್ತು ಕೆಲಸ ಮಾಡುವುದಿಲ್ಲವಂತೆ ಎಂದೆ. ಯಜಮಾನರು ಹೇಳಿದರೂ ಮಾಡುವುದಿಲ್ಲವೇ? ಮಾಡುವುದಿಲ್ಲವಂತೆ. ಅವರ ಮುಖ ಅರಳಿತು. ಎಷ್ಟೋ ದೇಶ ತಿರುಗಿದ್ದೇನೆ, ಬೇಡ ಎನ್ನುವ ಧೈರ್ಯವಿರುವ ಕೆಲಸಗಾರರನ್ನು ಕಂಡಿರಲಿಲ್ಲ ಎಂದು ಏನೋ ಬರೆದುಕೊಂಡರು. ಅಮ್ಮನ ಕೈ ಹಿಡಿದು ಕುಲುಕಿದರು. ಹಟಮಾರಿತನಕ್ಕೆ ಪರದೇಶದಲ್ಲಿ ಇಷ್ಟು ಬೆಲೆಯಿದೆ ಎಂದು ಅಪ್ಪನಿಗೆ ತಿಳಿದಿದ್ದರೆ ಎಂದೋ ಅವಳನ್ನು ವಿಮಾನ ಹತ್ತಿಸುತ್ತಿದ್ದರು.

ಹೊರಡುವ ಮುನ್ನ ಆಯಮ್ಮ ಸುಮ್ಮನೆ ಶೆಡ್ಡಿನ ಸುತ್ತ ಒಂದು ನಡೆ ಹೋದರು. ಚರಂಡಿಯ ಹತ್ತಿರ ನಿಂತುಬಿಟ್ಟರು. ನಗು ಎಲ್ಲಿ ಹೋಯಿತೋ. ಚರಂಡಿ ಉದ್ದಕ್ಕೂ ರಕ್ತಗೆಂಪು.

ಇಲ್ಲಿ ಯಾವ ಬಣ್ಣ ಹಾಕುತ್ತೀರಿ? ಬಣ್ಣ ಹಾಕುವುದೇ ಇಲ್ಲ, ಹೊಲಿಗೆ ಮಾತ್ರ ಎಂದೆ. ಹಾಗಾದರೆ ಇದೇನು? ಕುಂಬಳಕಾಯಿ ಎಂದೆ. ಅವರು ನನ್ನನ್ನೇ ನೋಡಿದರು. ನಾನು ಬೇಲಿಯ ಬುಡದ ಹೋಳು ತೋರಿಸಿ, ಬರುವ ಇಂಗ್ಲಿಷನ್ನೆಲ್ಲ ಒಟ್ಟು ಮಾಡಿ ದೃಷ್ಟಿ ತೆಗೆಯುವುದನ್ನು ವಿವರಿಸಿದೆ. ಕೇಳಿಸಿಕೊಂಡು, ತಿನ್ನುವ ಪದಾರ್ಥವನ್ನು ಹಾಳು ಮಾಡುತ್ತೀರಾ ಎಂದು ನೊಂದುಕೊಂಡರು. ಆಮೇಲೆ ನಿಜವಾದ ಪ್ರಶ್ನೆ ಬಂತು. ಈ ಪುಡಿ ಗಿಡಮೂಲದ್ದೋ, ಕೆಮಿಕಲ್ಲೋ?

“ಏನಂತೆ?” ಎಂದಳು ಅಮ್ಮ. ಹೇಳಿದೆ. “ದೇವ್ರ ಕುಂಕ್ಮದಲ್ಲಿ ಎಂತ ಕೆಮಿಕಲ್ಲು? ಅರಿಶಿನದಲ್ ಮಾಡಾದು ಅಂತ ಯೋಳೇ!”

“ಅರಿಶಿನವೇ ಅಂತ ಹೇಳಿಬಿಡಿ ಮೇಡಂ, ಮುಗೀತು” ಎಂದರು ಯಜಮಾನರು. ಅವತ್ತು ಮೊದಲ ಬಾರಿಗೆ ಅವರೂ ನನ್ನನ್ನು ಮೇಡಂ ಎಂದರು.

ಹೇಳಿಬಿಡಬಹುದಿತ್ತು. ಆದರೆ ಅಷ್ಟು ಅತ್ತು ಕಲಿತ ಆಮ್ಲ ಪ್ರತ್ಯಾಮ್ಲ ಬಾಯಿ ಕಟ್ಟಿತು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಗಾಗುವುದು, ಹುಳಿ ಬಿದ್ದರೆ ಮತ್ತೆ ಹಳದಿಗೆ ತಿರುಗುವುದು. ಆಯಮ್ಮನ ಕಾರಿನ ಚಕ್ರಕ್ಕೂ ಯಜಮಾನರು ನಿಂಬೆಹಣ್ಣು ಇಡಿಸಿದ್ದರು. ಒಂದನ್ನು ತಂದು ಹೋಳು ಮಾಡಿ, ತಟ್ಟೆಯಲ್ಲಿ ಉಳಿದಿದ್ದ ಕುಂಕುಮದ ಮೇಲೆ ಹಿಂಡಿದೆ. ಎಲ್ಲರೂ ಬಗ್ಗಿ ನೋಡಿದರು. ಹಳದಿಯಾಗಲಿಲ್ಲ. ಇನ್ನಷ್ಟು ಕೆಂಪಗೆ ಹೊಳೆಯಿತು.

ಇದು ಪೇಟೆಯ ಕೆಮಿಕಲ್ ಬಣ್ಣ, ಅರಿಶಿನವಲ್ಲ. ಆದರೆ ಪಟ್ಟಿಯ ಬಣ್ಣವೂ ಅಲ್ಲ ಎಂದೆ. ಯಜಮಾನರು ಗೇಟಿಗೆ ಒರಗಿಕೊಂಡರು. ಅಮ್ಮ ಹಣೆ ಮುಟ್ಟಿಕೊಂಡು, “ಇಷ್ಟ್ ವರ್ಷ ಇದ್ನೇ ಇಟ್ಕಂಡಿದ್ನೇನೇ?” ಎಂದಳು. ಮೇಡಂ ಎನ್ನುವುದನ್ನೂ ಮರೆತಿದ್ದಳು.

ಆಯಮ್ಮ ತಟ್ಟೆಯನ್ನು ಇನ್ನೊಮ್ಮೆ ಬಗ್ಗಿ ನೋಡಿ ಕಾರು ಹತ್ತಿದರು. ಮಾರನೆಯ ದಿನ ಊರೆಲ್ಲ ಅಂಬಾರಿ ನೋಡುವಾಗ ನಮ್ಮ ಮನೆಯಲ್ಲಿ ಸೂತಕ. “ಹರಿಶ್ಚಂದ್ರನ ಮಗಳು. ಕಾಲೇಜಿಗ್ ಕಳ್ಸಿದ್ದಕ್ಕೆ ನಮ್ಗೇ ನಿಂಬೇಹಣ್ ಹಿಂಡ್ದಳು” ಎಂದು ಅಮ್ಮ ಪಾತ್ರೆ ಕುಕ್ಕುತ್ತಿದ್ದಳು.

ವರದಿ ಬರುವಷ್ಟರಲ್ಲಿ ಅವರೆಕಾಯಿ ಕಾಲ ಬಂದಿತ್ತು. ಯಜಮಾನರು ಓದಲಾರದೆ ನನ್ನ ಕೈಗೆ ಕೊಟ್ಟರು. ಆರ್ಡರು ಉಳಿದಿತ್ತು. ನಮ್ಮ ಶೆಡ್ಡನ್ನು ಹೊಗಳಿಯೂ ಇದ್ದರು. ಕೆಲಸಗಾರರಿಗೆ ನಿರಾಕರಿಸುವ ಸ್ವಾತಂತ್ರ್ಯವಿದೆ. ಘಟಕದೊಳಗೇ ಬಣ್ಣದ ಪರೀಕ್ಷೆಯ ವ್ಯವಸ್ಥೆ ಇದ್ದು, ಅದನ್ನು ಪದವೀಧರ ಸಿಬ್ಬಂದಿ ನಡೆಸುತ್ತಾರೆ. ವ್ಯವಸ್ಥೆ ಎಂದರೆ ಅರ್ಧ ನಿಂಬೆಹಣ್ಣು. ಒಂದೇ ತಿದ್ದುಪಡಿ: ಹಬ್ಬಗಳಲ್ಲಿ ಗಿಡಮೂಲದ ಕುಂಕುಮವನ್ನೇ ಬಳಸತಕ್ಕದ್ದು, ಕಂಪನಿಯೇ ಕಳಿಸಿಕೊಡುವುದು.

ಮುಂದಿನ ದಸರೆಗೆ ಕಳಿಸಿಯೂ ಕೊಟ್ಟರು. ರಟ್ಟಿನ ಡಬ್ಬಿಯೊಳಗೆ ಮರದ ಪೆಟ್ಟಿಗೆ, ಅದರೊಳಗೆ ರೇಷ್ಮೆಯ ಹಾಸು, ಹಾಸಿನ ಮೇಲೆ ಗಾಜಿನ ಭರಣಿ, ಭರಣಿಯಲ್ಲಿ ಹಿಡಿ ಕುಂಕುಮ. ಗಡಿಯಾರವನ್ನು ಕಳಿಸುವ ಪೆಟ್ಟಿಗೆಯೇ ಇರಬೇಕು. ಮರ ಉಳಿಸುವ ಪುಸ್ತಕ ಈ ಸಲವೂ ಜೊತೆಗಿತ್ತು. ನಾನು ನಿಂಬೆಹಣ್ಣು ಹಿಂಡಿ ನೋಡಿದೆ. ಅಪ್ಪಟ ಹಳದಿಯಾಯಿತು.

ಅಮ್ಮ ಭರಣಿಯನ್ನು ಮೂಸಿದಳು, ಹಣೆಗಿಟ್ಟುಕೊಂಡಳು, ಮುತ್ತೈದೆಯರಿಗೆಲ್ಲ ಚೂರುಚೂರು ಹಂಚಿದಳು, ಉಳಿದದ್ದನ್ನು ದೇವರ ಮುಂದಿಟ್ಟಳು. ಕುಂಬಳಕಾಯಿಗೆ ಎಂದು ಮಡಿಲಿನಿಂದ ಪೇಟೆಯ ಪೊಟ್ಟಣ ತೆಗೆದಳು.

“ಅಮ್ಮಾ! ಫಾರಿನ್‌ನೋರು ಕಾಯಿಗೇ ಅಂತ ಕಳ್ಸಿರೋದು ಕಣಮ್ಮ ಅದು!”

“ಥೂ, ಅಷ್ಟ್ ಒಳ್ಳೇ ಕುಂಕ್ಮನ ಯಾರಾದ್ರೂ ಕಾಯಿಗ್ ತುಂಬ್ತಾರಾ? ಒಡ್ದಾಕದು ತಾನೇ. ಮೇಡಂ, ಪಕ್ಕಕ್ ಬನ್ನಿ, ಸಿಡೀತದೆ.”

ಯಜಮಾನರು ಎತ್ತಿ ಅಪ್ಪಳಿಸಿದರು. ಗೇಟಿನ ಮುಂದೆ ಎಂದಿನಂತೆ ಕೆಂಪಾಯಿತು. ಆ ವರ್ಷ ಯಾರೂ ಪೈಪು ಮುಟ್ಟಲಿಲ್ಲ.