ನಾನು ಬರೆದ ಸೊನ್ನೆ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯ ಒಂದು ಫೌಂಡ್ರಿಯಲ್ಲಿ, ಎರಕ ಹೊಯ್ಯಲು ಮರಳಿನ ಅಚ್ಚು ಕಟ್ಟುವ ಕಡೆ ಮೇಸ್ತ್ರಿಯಾದೆ. ಯಾರ ಶಿಫಾರಸೂ ಇರಲಿಲ್ಲ. ಆ ಹೆಮ್ಮೆ ಈಗಲೂ ಇದೆ. ಅದರಿಂದಲೇ ಒಮ್ಮೆ ಒಬ್ಬನಿಗೆ ಅನ್ಯಾಯವಾಗುವುದರಲ್ಲಿತ್ತು.

ಶಂಕರಘಟ್ಟದ ಯೂನಿವರ್ಸಿಟಿಯಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಿದ್ದಳು. ಕೆಲಸದವರು ಹೇಗೆ ಯೋಚಿಸುತ್ತಾರೆ, ಒಬ್ಬರನ್ನೊಬ್ಬರು ಏನು ಕೇಳುತ್ತಾರೆ, ಹಾಗೆ ಕೇಳುವುದರಿಂದ ಮಾಲು ಕೆಡುವುದು ಕಡಿಮೆಯಾಗುತ್ತದೋ ಹೆಚ್ಚುತ್ತದೋ ಎಂದು ಅಂಕಿಗಳಿಂದ ಅಂದಾಜು ಮಾಡುವುದು ಅವಳ ವಿಷಯ. ಎಲ್ಲರಿಗೂ ಒಂದೊಂದು ಫಾರಂ ಕೊಟ್ಟಳು. ವಾರಕ್ಕೆ ಎಷ್ಟು ಸಲ ಜೊತೆಯವರ ಸಲಹೆ ಕೇಳುತ್ತೀರಿ ಎಂದು ಅದರಲ್ಲಿತ್ತು. ಮೇಸ್ತ್ರಿಯಾದವನು ಇನ್ನೊಬ್ಬರನ್ನು ಕೇಳುತ್ತಾನೆಂದು ಕಾಗದದ ಮೇಲೆ ಇರುವುದೇ? ಸೊನ್ನೆ ಬರೆದೆ. ಉಳಿದವರು ಇಣುಕಿ ನೋಡಿ ತಾವೂ ಸೊನ್ನೆ ಬರೆದರು.

ಒಬ್ಬ ಮಾತ್ರ ಹದಿನೈದು ಎಂದು ಬರೆದ. ತಮಿಳು ಮನೆಮಾತಿನವನು, ಇಪ್ಪತ್ತು ವರ್ಷದಿಂದ ಅಚ್ಚು ಕಟ್ಟುತ್ತಿದ್ದವನು. ಅವನಷ್ಟು ಪಳಗಿದ ಕೈ ನಮ್ಮಲ್ಲಿ ಇನ್ನೊಂದಿರಲಿಲ್ಲ.

ಎರಡು ತಿಂಗಳ ಮೇಲೆ ಹುಡುಗಿ ಫಲಿತಾಂಶ ತಂದಳು. ಮಾಲೀಕರು ನನ್ನನ್ನೂ ಕರೆಸಿದರು. ಹೆಚ್ಚು ಕೇಳುವವರ ಎರಕವೇ ಹೆಚ್ಚು ರಿಜೆಕ್ಟ್ ಆಗುತ್ತಿದೆ ಎಂದಿತ್ತು ಅವಳ ಅಂದಾಜು.

"ಯಾರು ಅಂತ ಹೆಸರು ಹೇಳೋ ಹಾಗಿಲ್ಲ ಸಾರ್" ಎಂದಳು.

"ಹೆಸರ್ಯಾಕಮ್ಮ? ರಿಜೆಕ್ಟ್ ರಿಜಿಸ್ಟರ್ ನನ್ ಹತ್ರಾನೇ ಇದೆ. ಅದರಲ್ಲಿ ಜಾಸ್ತಿ ಆ ತಮಿಳಿನೋನದೇ. ಬರೀ ಮಾತು ಆ ಮನುಷ್ಯಂದು. ಮೇಸ್ತ್ರಿ, ನಾಳೆಯಿಂದ ಅವನನ್ನ ಗ್ರೈಂಡಿಂಗ್‌ಗೆ ಹಾಕ್ರಿ."

ಗ್ರೈಂಡಿಂಗ್ ಎಂದರೆ ಇನ್ನೊಬ್ಬರು ಮಾಡಿದ ಎರಕದ ಅಂಚು ಉಜ್ಜುತ್ತ ಕೂರುವುದು. ಅವನಂಥವನಿಗೆ ಅದಕ್ಕಿಂತ ಅವಮಾನವಿಲ್ಲ. "ಆಯ್ತು ಸಾರ್" ಎಂಬ ಮಾತು ಬಾಯಿ ತನಕ ಬಂದಿತ್ತು. ನುಂಗಿಕೊಂಡೆ.

"ಸಾರ್, ಪಂಪ್ ಕೇಸಿಂಗ್ ಎಲ್ಲಾ ಅವನಿಗೇ ಕೊಡ್ತೀನಿ. ಒಳಗೆ ಟೊಳ್ಳು, ಗೋಡೆ ತೆಳು. ಬೇರೆಯವರ ಕೈಲಿ ಆಗಲ್ಲ, ಅವರಿಗೆ ಚಪ್ಪಟೆ ಪ್ಲೇಟು. ಕಷ್ಟದ ಮಾಲು ಹಿಡಿದೋನು ತಾನೇ ನಾಕು ಜನರನ್ನ ಕೇಳೋದು? ಕೆಡೋದೂ ಅದೇ ಮಾಲು."

ಹುಡುಗಿ ಪೆನ್ನು ಕೆಳಗಿಟ್ಟಳು. "ಯಾರಿಗೆ ಯಾವ ಮಾಲು ಅನ್ನೋದನ್ನ ನಾನು ಸೇರಿಸೇ ಇಲ್ಲ ಅಣ್ಣ. ಆದ್ರೂ ಉಳಿದೋರೆಲ್ಲ ಸೊನ್ನೆ ಅಂದಿದಾರಲ್ಲ?"

ಇದಕ್ಕೆ ಬಾಯಿ ಬಿಡುವುದು ಕಷ್ಟವಾಯಿತು.

"ಸುಳ್ಳು ಅದು. ಮೊದಲು ಬರೆದೋನು ನಾನು, ನೋಡ್ಕೊಂಡು ಅವರು ಬರೆದ್ರು. ಮರಳಿನ ಹದ ದಿನಾ ಅವನನ್ನೇ ಕೇಳ್ತೀನಿ."

"ಮೇಸ್ತ್ರಿಗೆ ಮರಳಿನ ಹದ ಗೊತ್ತಿಲ್ವೇನ್ರಿ?" ಮಾಲೀಕರು ನಕ್ಕರು.

"ಗೊತ್ತು ಸಾರ್. ಅವನಿಗೆ ಇನ್ನೂ ಚೆನ್ನಾಗಿ ಗೊತ್ತು."

ಅವರು ಹುಡುಗಿಯ ಕಡೆ ತಿರುಗಿದರು. "ಇನ್ನೊಂದ್ಸಲ ಬರೆಸಮ್ಮ. ಅಲ್ಲೀವರೆಗೂ ಅವನು ಇರೋ ಕಡೆ ಇರ್ಲಿ."

ಹೊಸ ಫಾರಂನಲ್ಲಿ ಯಾವ ಮಾಲು ಎಂಬ ಸಾಲೂ ಇತ್ತು. ಎಲ್ಲರ ಎದುರೇ ಇಪ್ಪತ್ತು ಎಂದು ಬರೆದೆ.

ಹದಿನೈದು ಬರೆದಿದ್ದವನು ಬಗ್ಗಿ ನೋಡಿದ. "ಇಷ್ಟೇನಾ ಮೇಸ್ತ್ರಿ? ಸೋಮವಾರ ಒಂದಿನಕ್ಕೇ ಮುಗಿದೋಯ್ತಲ್ಲ ಮಾರಾಯ್ರೆ!"

"ಮುಚ್ಕೊಂಡು ನಿಂದು ಬರಿಯೋ" ಎಂದೆ. ಎಲ್ಲರೂ ನಕ್ಕರು, ನನಗೂ ನಗು ಬಂತು.

ಎರಡನೇ ಸಲದ ಅಂದಾಜಿನಲ್ಲಿ ಕೇಳುವುದು ಕೆಟ್ಟದ್ದೆಂದು ಬರಲಿಲ್ಲ. ಒಳ್ಳೆಯದೆಂದು ಗಟ್ಟಿಯಾಗಿ ಹೇಳುವಷ್ಟು ಜನ ನಿಮ್ಮಲ್ಲಿಲ್ಲ, ಇನ್ನೂ ಬೇರೆ ಫೌಂಡ್ರಿಗಳಿಗೆ ಹೋಗಬೇಕು ಎಂದಳು ಹುಡುಗಿ, ಸಪ್ಪೆ ಮುಖ ಮಾಡಿಕೊಂಡು. ಪಾಪ, ಅವಳ ಓಡಾಟ ಹೆಚ್ಚಿಸಿದ್ದು ನಾನೇ. ಮಾಲೀಕರು ಗ್ರೈಂಡಿಂಗ್ ಮಾತು ಮತ್ತೆ ಎತ್ತಲಿಲ್ಲ. ಪಂಪ್ ಕೇಸಿಂಗ್ ಈಗಲೂ ಅವನೇ ಕಟ್ಟುತ್ತಾನೆ.