ಬಾಟಲಿಗೆ ಕಟ್ಟಿದ ಕೆಂಪು ದಾರ

ರಾಯಚೂರು ಸೀಮೆಯ ಸ್ತನ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸವನ್ನು ಮುಂದೆ ಯಾರಾದರೂ ಬರೆದರೆ, ಗಂಟು ಕೊಯ್ದ ಕೈಗಳ ಜೊತೆಗೆ, ಕೊಯ್ದ ಮೇಲೆ ಒಸರುವ ನೀರನ್ನು ಮೂವತ್ತು ವರ್ಷ ಕಾದ ಕಣ್ಣುಗಳನ್ನೂ ನೆನೆಯಬೇಕಾಗುತ್ತದೆ. ಆ ಕಣ್ಣುಗಳು ಡಾ. ಮೌನೇಶ್ವರಿಯವರವು. ದೇವದುರ್ಗದ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಮಾನ್ವಿಯಲ್ಲಿ ಒಂಬತ್ತು ವರ್ಷ, ಆಮೇಲೆ ರಾಯಚೂರಿನಲ್ಲಿ ದುಡಿದ ಅವರು ಈ ತಿಂಗಳು ನಿವೃತ್ತರಾದರು.

ಸ್ತನದ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದಾಗ ದುಗ್ಧರಸದ ಸಣ್ಣ ನಾಳಗಳು ಬಾಯಿ ತೆರೆದು ನೀರು ಒಸರುತ್ತದೆ. ಅದನ್ನು ಹೊರಗೊಯ್ಯಲು ಒಂದು ಕೊಳವೆ, ಅದರ ತುದಿಗೊಂದು ಬಾಟಲಿ. ದಿನದ ನೀರು ಮೂವತ್ತು ಮಿಲಿಲೀಟರಿಗಿಂತ ಇಳಿದರೆ ಕೊಳವೆ ತೆಗೆದು ಮನೆಗೆ ಕಳಿಸುತ್ತಾರೆ. ಅಕ್ಷರ ಬಾರದ ತಾಯಂದಿರಿಗೂ ತಿಳಿಯಲೆಂದು ಡಾಕ್ಟರು ಬಾಟಲಿಯ ಮೇಲಿನ ಮೂವತ್ತರ ಗೆರೆಗೆ ಕೆಂಪು ದಾರ ಕಟ್ಟುತ್ತಿದ್ದರು.

ಎಂಟು ವರ್ಷದ ಹಿಂದೆ, ರಕ್ತ ಹೆಪ್ಪುಗಟ್ಟಿಸುವ ಸತ್ವದಿಂದ ತಯಾರಿಸಿದ ಅಂಟು ಈ ಒಸರನ್ನು ತಡೆಯುವುದೇ ಎಂದು ಅವರು ಅನುಮತಿ ಪಡೆದು ಪರೀಕ್ಷಿಸುತ್ತಿದ್ದರು. ಒಪ್ಪಿದ ಹೆಣ್ಣುಮಕ್ಕಳಲ್ಲಿ ಅರ್ಧ ಜನಕ್ಕೆ ಅಂಟು, ಉಳಿದವರಿಗೆ ಇಲ್ಲ. ಅಂಟು ಬಿದ್ದವರಲ್ಲಿ ನೀರಮಾನ್ವಿಯಲ್ಲಿ ಕುರಿ ಕಾಯುವ ನನ್ನವ್ವ ಆದೆಮ್ಮನೂ ಇದ್ದಳು. ನಾಲ್ಕನೆಯ ದಿನಕ್ಕೇ ನೀರು ದಾರದ ಕೆಳಗಿಳಿಯಿತು. ಕೊಳವೆ ತೆಗೆದರು. ನಾನು ಸುಮ್ಮನಿರುವವನೇ? ನಮ್ಮ ಓದು ಬಳಗದ ಗೆಳೆಯರನ್ನು ಕಟ್ಟಿಕೊಂಡು, ಸಿರಿವಂತರ ಮೈಗೆ ಸಿಗುವ ಅಂಟು ಬಡವರ ಮೈಗೂ ಸಿಗಬೇಕೆಂದು ಕರಪತ್ರ ಅಚ್ಚು ಹಾಕಿಸಿ ಹಂಚಿದೆ. ಬೇಡಿಕೆಗೆ ಸಹಿ ಹಾಕಿರೆಂದು ಕೇಳಿದಾಗ ಡಾಕ್ಟರು, ಲೆಕ್ಕ ಮುಗಿಯಲಿ ಎಂದಷ್ಟೇ ಅಂದರು. ಅದನ್ನು ನಾನು ಅಧಿಕಾರಿಗಳ ಅಂಜಿಕೆ ಎಂದು ತಿಳಿದೆ.

ವಾರದೊಳಗೆ ಅವ್ವನ ಕಂಕುಳು ನೀರು ತುಂಬಿ ತೆಂಗಿನಕಾಯಿಯಷ್ಟು ಉಬ್ಬಿತು. ಮತ್ತೆ ಆಸ್ಪತ್ರೆಗೆ ತಂದೆವು. ಸೂಜಿ ಹಾಕಿ ನೀರು ತೆಗೆಯುತ್ತ ಡಾಕ್ಟರು ಕೇಳಿದಾಗ ಅವ್ವ ಒಪ್ಪಿಕೊಂಡಳು: "ಸಿಸ್ಟರ್ ಬರೂಕಿಂತ ಮೊದಲ ಬಾಟಲಿ ನೀರು ಅರ್ಧ ಚೆಲ್ಲತಿದ್ನಿರೀ. ವಾರ್ಡಿನ್ಯಾಗ ಹಂಗs ಹೇಳಿಕೊಟ್ಟಿದ್ರು. ಕುರಿ ಈಯಾಕತ್ತಾವು. ಮರಿ ಅಡ್ಡ ಬಂದ್ರ ತಿರುವಾಕ ನನ್ನ ಬಿಟ್ರ ಯಾರದಾರ?"

ನಾನು ರೇಗಿದೆ. ಅವ್ವ ನನ್ನತ್ತ ತಿರುಗಿ, "ಊರೆಲ್ಲಾ ಹಾಳಿ ಹಂಚಿದಿ, ನನಗೊಂದು ಮಾತು ಕೇಳಿದ್ದೇನಲೇ?" ಎಂದಳು.

"ಆಕಿಗೆ ಏನೂ ಅನಬ್ಯಾಡ ತಮ್ಮಾ," ಅಂದರು ಡಾಕ್ಟರು. "ಎಲ್ಲಿಗಂಟ ಚೆಲ್ಲಬೇಕಂತ ದಾರ ಕಟ್ಟಿ ತೋರಿಸಿದಾಕಿ ನಾನು."

ಅಳತೆಯನ್ನೇ ನಂಬುವಂತಿಲ್ಲವೆಂದು ಒಂದು ವರ್ಷದ ಲೆಕ್ಕವನ್ನು ಅವರು ಅಂದೇ ಕೈಬಿಟ್ಟರು. ಮೇಲಿನವರಿಗೆ ತಪ್ಪೊಪ್ಪಿಗೆ ಬರೆದು, ದಾರವಿಲ್ಲದೆ ಮೊದಲಿನಿಂದ ಶುರುಮಾಡಿದರು. ಹೊಸ ಪುಸ್ತಕದಲ್ಲಿ ನೀರಿನ ಅಳತೆಗೂ ಮೊದಲು ಒಂದು ಕಾಲಂ ಇತ್ತು: ಮನೆಯಲ್ಲಿ ಏನು ಕರೆಯುತ್ತಿದೆ? ಉತ್ತರಗಳನ್ನು ನಾನು ಓದಿದ್ದೇನೆ. ಹಾಲು ಬಿಡದ ಕೂಸು, ಕಲ್ಮಲದಲ್ಲಿ ಅರಳಿದ ಹತ್ತಿ, ಚಂದ್ರಬಂಡದ ತಂಗಿಯ ಬಾಣಂತನ. ಬರೆದು ಬಿಡದೆ, ಅವರವರ ಊರಿನ ನರ್ಸುಗಳಿಗೆ ಫೋನು ಹಚ್ಚಿ, ಬಾಟಲಿ ಸಮೇತ ಮನೆಗೆ ಕಳಿಸುವ ಏರ್ಪಾಡು ಮಾಡಿದರು. ಮೂರು ವರ್ಷದ ಲೆಕ್ಕ ಮುಗಿದಾಗ ಅಂಟು ಬಿದ್ದವರಿಗೂ ಬೀಳದವರಿಗೂ ಹೆಚ್ಚು ಅಂತರ ಕಾಣಲಿಲ್ಲ. ಅದನ್ನೂ ಹಾಗೆಯೇ ಬರೆದರು. ಘೋಷಣೆ ಕೂಗುವ ಮುನ್ನ ಕೇಳಬೇಕಾದದ್ದನ್ನು ಕೇಳು ಎಂಬುದನ್ನು ಯಾವ ಓದು ಬಳಗವೂ ನನಗೆ ಹೀಗೆ ಕಲಿಸಿರಲಿಲ್ಲ.

ಬೀಳ್ಕೊಡುಗೆಯ ದಿನ ಅವ್ವ ಬಂದಿದ್ದಳು. ಮೂವತ್ತು ವರ್ಷ ತನ್ನೂರು ದೇವದುರ್ಗದಲ್ಲಿ ಎರಡು ರಾತ್ರಿ ಕೂಡಿ ಉಳಿಯದ ಡಾಕ್ಟರ ಗದ್ದ ಹಿಡಿದು, "ಎಲ್ಲಾರನ್ನೂ ಕೇಳಿದಿ ಯವ್ವಾ, ನಿನಗ ಮನಿ ನೆನಪಾಗಿಲ್ಲೇನು?" ಎಂದಳು.

ಡಾಕ್ಟರು ಅವ್ವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. "ಆ ನೆನಪನ್ನ ನಾನೂ ನಿನ್ನಂಗs ದಿನಾ ಅರ್ಧ ಚೆಲ್ಲಿಕೋತ ಬಂದೀನವ್ವಾ."

ಇನ್ನು ಚೆಲ್ಲುವುದು ಬೇಡ ಡಾಕ್ಟರೇ. ನೂರು ವರ್ಷ ಬಾಳಿರಿ, ಆ ಪುಸ್ತಕವನ್ನು ಮುಂದುವರಿಸಿರಿ. ಆದರೆ ಅದರ ಮೊದಲ ಕಾಲಮಿನಲ್ಲಿ ಈ ಸಲ ನಿಮ್ಮ ಮನೆಯ ಕರೆಯಿರಲಿ, ಮೊದಲ ಬಸ್ಸು ದೇವದುರ್ಗದ್ದಾಗಿರಲಿ.