ಏರಿಯ ಮೇಲಿನ ಬಿಳಿ ಅಂಗಿ

ಶಾಲೆಯಲ್ಲಿ ಅವಳನ್ನು ಎಲ್ಲರೂ ಮಿಡತೆ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವರು ಯಾರೋ ನನಗೆ ತಿಳಿಯದು, ಆದರೆ ಇಟ್ಟವರಿಗೆ ಕಣ್ಣಿತ್ತು. ಮೈಗಿಂತ ಕಾಲೇ ಉದ್ದ. ಪಾಠದ ನಡುವೆ ಹೆಸರು ಹಿಡಿದು ಕರೆದರೆ ಅವಳು ಎದ್ದು ನಿಲ್ಲುತ್ತಿರಲಿಲ್ಲ, ಚಿಮ್ಮುತ್ತಿದ್ದಳು. ನಾನು ಅವಳಿಗೆ ಭಾಷೆಯ ಪಾಠ ಹೇಳಿದವನು. ಯಾವ ವಿಷಯದ ಮೇಲೆ ಪ್ರಬಂಧ ಬರೆಯಹೇಳಿದರೂ ಕೊನೆಗೊಂದು ವಿಮಾನವನ್ನು ತಂದು ಇಳಿಸುತ್ತಿದ್ದಳು. ಹಸುವಿನ ಉಪಯೋಗಗಳನ್ನು ಕುರಿತು ಬರೆದಾಗಲೂ ಹಸು ಮೇಯುವುದನ್ನು ಬಿಟ್ಟು ತಲೆಯೆತ್ತಿ ವಿಮಾನವನ್ನು ನೋಡಿತ್ತು.

ಅವಳ ತಾಯಿಯದು ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ. ಒಂದೇ ಕೋಣೆ. ಮುಂದೆ ಮೇಜು, ಹಿಂದೆ ತಂತಿಯ ಮೇಲೆ ಅಂಗಿಗಳ ಸಾಲು, ಮೂಲೆಯಲ್ಲಿ ಇದ್ದಿಲಿನ ಒಲೆ. ತಂದೆ ಎಂದೋ ತೀರಿಕೊಂಡಿದ್ದ. ಕಾಲೇಜು ಮುಗಿಸಿದ ಮೇಲೆ ಮಿಡತೆ ಮೇಜಿನ ಹಿಂದಿನ ಇಕ್ಕಟ್ಟಿನಲ್ಲಿಯೇ ದಂಡ ಹೊಡೆಯುತ್ತಿದ್ದಳು. ಬಟ್ಟೆ ಕೊಡಲು ಬಂದವರಿಗೆ ಅವಳು ಕಾಣುತ್ತಿರಲಿಲ್ಲ, ಏದುಸಿರು ಮಾತ್ರ ಕೇಳುತ್ತಿತ್ತು.

“ಏನಮ್ಮಾ, ಮೇಜಿನ ಕೆಳಗೆ ಯಾರನ್ನ ಕಟ್ಟಿಹಾಕಿದೀಯ?” ಎಂದು ಯಾರಾದರೂ ಕೇಳಿದರೆ ತಾಯಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸದೆ ಹೇಳುತ್ತಿದ್ದಳು: “ವಾಯುಪಡೆ ಆಫೀಸರ್ ಅಪ್ಪಾ. ಇನ್ನೂ ನೆಲ ಬಿಟ್ಟಿಲ್ಲ.”

ಆಯ್ಕೆಗೆ ಅವಳು ಆಗಲೇ ಎರಡು ಸಲ ಹೋಗಿ ಬಂದಿದ್ದಳು. ಎರಡು ಸಲವೂ ಮೊದಲ ದಿನವೇ ಮನೆಗೆ ಕಳಿಸಿದ್ದರು. ಓಟ, ದಂಡ, ಹಗ್ಗ ಹತ್ತುವುದು ಯಾವುದರಲ್ಲಿಯೂ ಅವಳನ್ನು ಸೋಲಿಸುವವರು ಇರಲಿಲ್ಲ. ಅಲ್ಲಿಯವರೆಗೆ ತಲುಪಿದರೆ ತಾನೇ! ಮೊದಲ ದಿನ ತೆರೆಯ ಮೇಲೆ ಒಂದು ಮಸುಕು ಚಿತ್ರವನ್ನು ಅರೆ ನಿಮಿಷ ತೋರಿಸಿ, ನೋಡಿದ್ದನ್ನು ಕಥೆಯಾಗಿ ಬರೆಯಿರಿ ಎನ್ನುತ್ತಾರೆ. ಕಥೆಯ ನಾಯಕ ಏನು ಮಾಡುತ್ತಾನೆಂಬುದರಿಂದ ಬರೆದವರ ಸ್ವಭಾವವನ್ನು ಅಳೆಯುತ್ತಾರಂತೆ. ಮಿಡತೆಗೆ ಮಸುಕಿನಲ್ಲಿ ಮಸುಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಈಗ ಉಳಿದಿದ್ದದ್ದು ಒಂದೇ ಅವಕಾಶ. ಇದು ತಪ್ಪಿದರೆ ವಯಸ್ಸಿನ ಮಿತಿ ದಾಟುತ್ತಿತ್ತು.

ಆದ್ದರಿಂದ ಅವಳು ಕ್ಯಾಪ್ಟನ್ ಬಳಿಗೆ ಹೋದಳು.

ಕ್ಯಾಪ್ಟನ್ ಎಂಬುದು ಊರು ಕೊಟ್ಟ ಹೆಸರು. ಅವನು ಯಾವ ಪಡೆಯಲ್ಲಿಯೂ ಇದ್ದವನಲ್ಲ. ವಯಸ್ಸಿನಲ್ಲಿದ್ದಾಗ ಎಲ್ಲ ಪರೀಕ್ಷೆಗಳನ್ನೂ ದಾಟಿ, ಕೊನೆಯಲ್ಲಿ ವೈದ್ಯರು ಕಿವಿ ನೋಡಿ ಬೇಡವೆಂದಾಗ ಹಿಂದಿರುಗಿದ್ದ. ಅಂದಿನಿಂದ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮಕ್ಕಳನ್ನು ಆಯ್ಕೆಗೆ ತಯಾರು ಮಾಡುತ್ತಿದ್ದ. ಕಿಟಕಿಗಳಿಗೆ ಕಂದು ಕಾಗದ, ಗೋಡೆಗೆ ಬಿಳಿ ಬಟ್ಟೆ, ಕೆಳಗಿನಿಂದ ಟ್ಯೂಬಿಗೆ ಪ್ಯಾಚ್ ಹಾಕುವ ಅಂಟಿನ ವಾಸನೆ. ಭಾಷೆ ತಿದ್ದಿಕೊಡಿ ಎಂದು ಆಗಾಗ ನನ್ನನ್ನು ಕರೆಯುತ್ತಿದ್ದ. ಒಳ್ಳೆಯ ಮನುಷ್ಯ, ಕೈಲಾಗದವರಿಂದ ಬಿಡಿಗಾಸನ್ನೂ ಕೇಳುತ್ತಿರಲಿಲ್ಲ.

ಅವನಲ್ಲಿ ಎಲ್ಲ ಚಿತ್ರಗಳಿಗೂ ಒಂದೇ ಕಥೆಯಿತ್ತು.

“ಚಿತ್ರ ಯಾವುದಾದರೂ ಇರಲಿ. ಒಬ್ಬ ಮನುಷ್ಯ ಇರ್ತಾನೆ, ಒಂದಷ್ಟು ಕಪ್ಪು ಇರುತ್ತೆ. ಕಪ್ಪನ್ನ ಕೆರೆ ಅನ್ನಿ. ಮನುಷ್ಯ ನಮ್ಮವನು. ಬರ್ಕೊಳ್ಳಿ!”

ಬಿಳಿ ಅಂಗಿಯ ಯುವಕನೊಬ್ಬ ಕೆರೆಯ ಏರಿಯ ಮೇಲೆ ಬರುತ್ತಿದ್ದಾನೆ. ಯಾರೋ ಕೂಗಿದ್ದು ಅವನಿಗೆ ಕೇಳುತ್ತದೆ. ಬೂಟನ್ನೂ ಬಿಚ್ಚದೆ ನೀರಿಗೆ ಧುಮುಕಿ, ಮುಳುಗುತ್ತಿದ್ದವರನ್ನು ದಡಕ್ಕೆ ತಂದು ಬದುಕಿಸುತ್ತಾನೆ. ಇಷ್ಟೇ. ವರ್ಷವರ್ಷವೂ ಬಂದ ಮಕ್ಕಳೆಲ್ಲ ಇದನ್ನೇ ಬರೆದರು, ಹಲವರು ಗೆದ್ದೂ ಗೆದ್ದರು. ಪರೀಕ್ಷಕರಿಗೆ ಅನುಮಾನ ಬಾರದಿರಲೆಂದು ಪ್ರತಿಯೊಬ್ಬರೂ ತಮ್ಮದೊಂದು ಸಣ್ಣ ಗುರುತನ್ನು ಸೇರಿಸಬೇಕಾಗಿತ್ತು. ಒಬ್ಬ ಅವನಿಗೆ ಹರಿದ ಕಾಲರ್ ಕೊಟ್ಟ. ಇನ್ನೊಬ್ಬಳು ಬಲಗೈಗೆ ವಾಚು ಕಟ್ಟಿದಳು. ಮತ್ತಾರೋ ಜೇಬಿಗೆ ಬೆಂಕಿಪೊಟ್ಟಣ ಹಾಕಿದರು.

ನಾನು ಒಮ್ಮೆ ಕೇಳಿದೆ: “ಅಲ್ಲಪ್ಪಾ, ಆಮೇಲೆ ಅವನು ಎಲ್ಲಿಗೆ ಹೋದ?”

“ಎಲ್ಲಿಗೂ ಇಲ್ಲ ಮೇಷ್ಟ್ರೇ. ಬರೆಯೋ ಸಮಯ ಅಲ್ಲಿಗೇ ಮುಗಿಯುತ್ತೆ” ಎಂದು ಅವನು ನಕ್ಕ.

ಮಿಡತೆ ಪ್ರತಿದಿನ ಮುಂಜಾನೆ ಕೆರೆಯ ಏರಿಯ ಮೇಲೆ ಓಡುತ್ತಿದ್ದಳು. ಬೇಸಗೆಯ ಆರಂಭ. ನೀರು ಇಳಿದು ಸೋಪಾನದ ಕೆಳಗಿನ ಮೆಟ್ಟಿಲುಗಳು ಹೊರಬಿದ್ದಿದ್ದವು. ಒಂದು ಬೆಳಿಗ್ಗೆ ನಾನು ಇಸ್ತ್ರಿ ಅಂಗಡಿಯ ಮುಂದೆ ಪತ್ರಿಕೆ ಓದುತ್ತಿದ್ದಾಗ ಅವಳು ಓಡಿ ಬಂದು ಒಲೆಯ ಬಳಿ ಕುಳಿತಳು. ಬೆವರಿದ ಮೈ, ಆದರೂ ಕೈಗಳನ್ನು ಕಾಯಿಸಿಕೊಳ್ಳುತ್ತಿದ್ದಳು.

“ಮೆಟ್ಟಿಲ ಮೇಲೆ ಒಬ್ಬ ನಿಂತಿರ್ತಾನೆ ಮೇಷ್ಟ್ರೇ. ದಿನಾ. ಕ್ಲಾಸು ಶುರುವಾದಾಗಿಂದ. ಇವತ್ತು ನನ್ನ ಮಾತಾಡಿಸಿದ.”

“ಏನಂದ?”

“‘ಯಾರಾದರೂ ಕೂಗಿದರಾ?’ ಅಂತ ಕೇಳಿದ. ಇಲ್ಲ ಅಂದೆ. ಮುಖ ಸಣ್ಣದು ಮಾಡಿಕೊಂಡ.”

“ನೋಡೋಕೆ ಹೇಗಿದ್ದಾನೆ?” ಎಂದಳು ತಾಯಿ. “ಕೆಲಸ ಬೊಗಸೆ ಇದೆಯೋ, ಸುಮ್ಮನೆ ನೀರು ನೋಡ್ತಾ ನಿಲ್ಲೋ ಗಿರಾಕಿಯೋ?”

“ಅಮ್ಮಾ, ತಮಾಷೆ ಬೇಡ. ಬಿಳಿ ಶರ್ಟು. ಕಾಲರ್ ಹರಿದಿದೆ. ವಾಚು ಬಲಗೈಲಿ. ಬೂಟಿಂದ ನೀರು ಸೋರ್ತಾ ಇರುತ್ತೆ.”

ಅಂದು ಸಂಜೆ ಅವಳು ಇದನ್ನೇ ಕ್ಯಾಪ್ಟನ್‌ಗೆ ಹೇಳಿದಾಗ ನಾನೂ ಆ ಕೋಣೆಯಲ್ಲಿದ್ದೆ. ಕ್ಯಾಪ್ಟನ್ ಮೊದಲು ನಕ್ಕ. ಕಾಲರ್ ಎಂದಾಗ ನಗು ನಿಂತಿತು. ವಾಚು ಎಂದಾಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ.

“ಅದನ್ನ ನಿನಗೆ ಯಾರು ಹೇಳಿದ್ದು? ಆ ವಾಚು ಬರೆದ ಹುಡುಗಿ ಊರು ಬಿಟ್ಟು ಎಷ್ಟೋ ವರ್ಷ ಆಯ್ತು. ನೀನಾಗ ಫ್ರಾಕ್ ಹಾಕ್ಕೊಂಡು ಓಡಾಡ್ತಿದ್ದೆ.”

“ಯಾರೂ ಹೇಳಿಲ್ಲ ಸಾರ್. ನೋಡಿದ್ದನ್ನ ಹೇಳಿದೆ.”

ಗೋಡೆಯ ಬಿಳಿ ಬಟ್ಟೆಯ ಮೇಲೆ ಮಸುಕು ಚಿತ್ರವೊಂದು ಹಾಗೆಯೇ ಬಿದ್ದಿತ್ತು. ಅವನು ಹೋಗಿ ಪ್ರೊಜೆಕ್ಟರಿನ ದೀಪ ಆರಿಸಿದ.

ಮರುದಿನ ಬೆಳಗಾದ ಮೇಲೆ ನಾನು ಅವಳ ಜೊತೆ ಏರಿಗೆ ಹೋದೆ. ನನಗೆ ಯಾವ ಮನುಷ್ಯನೂ ಕಾಣಲಿಲ್ಲ; ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಂಡದ್ದು ಬೂಟಿನ ಒದ್ದೆ ಗುರುತುಗಳನ್ನು. ನೀರಿನಿಂದ ಮೆಟ್ಟಿಲುಗಳನ್ನು ಹತ್ತಿ ಬಂದು, ನಡುವಿನ ಕಲ್ಲಿನ ಮೇಲೆ ಒತ್ತೊತ್ತಾಗಿ ನಿಂತಿದ್ದವು. ಇಳಿದು ಹೋದ ಗುರುತು ಒಂದೂ ಇರಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ನಾನು ಒದ್ದೆ ಮಾಡಿ ತಲೆಗೆ ಹಾಕಿಕೊಂಡಿದ್ದ ಟವೆಲ್ಲೇ ಒಣಗಿ ಗರಿಗರಿಯಾಗಿತ್ತು. ಆ ಗುರುತುಗಳು ಮಾತ್ರ ಆರಲಿಲ್ಲ.

“ಅಲ್ಲೇ ನಿಂತಿದ್ದಾನೆ” ಎಂದು ಮಿಡತೆ ಪಿಸುಗುಟ್ಟಿದಳು. “ನೀರಿನ ಹತ್ತಿರ ಯಾರಾದರೂ ಬಂದರೆ ಸೆಟೆದು ನಿಲ್ತಾನೆ. ಓಟದ ಪಂದ್ಯದಲ್ಲಿ ಸೀಟಿಗೆ ಕಾಯ್ತಾರಲ್ಲ, ಹಾಗೆ.”

ನಾವು ಹಿಂದಿರುಗಿ ಏರಿಯ ಈ ತುದಿಗೆ ಬರುವಷ್ಟರಲ್ಲಿ ಆ ತುದಿಯಿಂದ ಅವಳ ತಾಯಿ ಬಂದಳು. ಬೀದಿಯ ನಲ್ಲಿ ನಿಂತುಹೋಗಿತ್ತು. ವಸತಿಗೃಹದವರ ಹೊದಿಕೆಗಳನ್ನು ಜಾಲಿಸಿಕೊಂಡು ಹೋಗಲು ಬಂದಿದ್ದಳು. ನಾವಿದ್ದದ್ದು ದೂರ. ಅವಳು ನಮ್ಮನ್ನು ನೋಡದೆ, ಗಂಟನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲು ಇಳಿಯತೊಡಗಿದಳು. ನಡುವಿನ ಒದ್ದೆ ಕಲ್ಲಿನ ಮೇಲೆ ಕಾಲಿಟ್ಟಳು, ಜಾರಿದಳು.

ನಾನು ಕೂಗಲೆಂದು ಬಾಯಿ ತೆರೆದೆ. ಮಿಡತೆ ನನ್ನ ಬಾಯಿಗೆ ಕೈ ಒತ್ತಿದಳು.

“ಕೂಗಬೇಡಿ ಮೇಷ್ಟ್ರೇ! ನಿಮ್ಮ ಕಾಲಿಗೆ ಬೀಳ್ತೀನಿ, ಕೂಗಬೇಡಿ!”

ಹಾಗೆಂದು ಓಡಿದಳು. ಅವಳ ಓಟವನ್ನು ನಾನು ಎಷ್ಟೋ ಸಲ ನೋಡಿದ್ದೆ, ಅಂಥ ಓಟವನ್ನು ನೋಡಿರಲಿಲ್ಲ. ಸದ್ದೇ ಇರಲಿಲ್ಲ. ತಾಯಿ ಕೆಳಗಿನ ಮೆಟ್ಟಿಲುಗಳನ್ನೆಲ್ಲ ಜಾರಿ ಎದೆಮಟ್ಟದ ನೀರಿಗೆ ಬಿದ್ದಿದ್ದಳು. ಗಂಟು ಅವಳನ್ನು ಒಳಕ್ಕೆ ಎಳೆಯುತ್ತಿತ್ತು. ಗಾಬರಿಗೆ ಅವಳಿಗೂ ದನಿ ಹೊರಡಲಿಲ್ಲ. ಕೆರೆಯ ಮೇಲೆ ಒಂದು ಹಕ್ಕಿಯೂ ಉಲಿಯಲಿಲ್ಲ. ಇಡೀ ಜಾಗವೇ ಕಿವಿಗೊಟ್ಟು ಕಾಯುತ್ತಿದೆಯೆಂದು ನನಗೆ ತೋರಿತು. ಮಿಡತೆ ಮೆಟ್ಟಿಲಿಗೆ ಅಡ್ಡ ಮಲಗಿ ತಾಯಿಯ ರಟ್ಟೆ ಹಿಡಿದು, ಮೇಜಿನ ಹಿಂದೆ ಅಷ್ಟು ದಿನ ಬೆಳೆಸಿದ ತೋಳಿನಿಂದ ಎಳೆದು ಹಾಕಿದಳು.

ಉಸಿರು ಬಂದ ಕೂಡಲೇ ತಾಯಿ ಶುರುಮಾಡಿದಳು. “ಹಾಳಾದೋರೇ! ಒಬ್ಬಳು ಮೂಗಿ, ಒಬ್ಬರು ಗೊಂಬೆ! ನಾನು ಮುಳುಗ್ತಾ ಇದ್ದರೆ ಒಂದು ಸಲ ಕೂಗಬಾರದಾಗಿತ್ತಾ? ಮೇಷ್ಟ್ರೇ, ಕ್ಲಾಸಲ್ಲಿ ಮಾತ್ರ ಅಷ್ಟು ಗಂಟಲಾ ನಿಮಗೆ?”

ಮಿಡತೆ ಅವಳ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. “ಕೂಗಿದ್ದರೆ ಅವನು ಧುಮುಕ್ತಿದ್ದ ಅಮ್ಮಾ. ಅವನು ಧುಮುಕಬೇಕಾದರೆ ನೀನು ಮುಳುಗಲೇಬೇಕು. ಕಥೇಲಿ ಹಾಗೇ ಇದೆ. ನೀನು ಜಾರೋಕೆ ಮುಂಚೆ ಅವನು ಬಗ್ಗಿ ನಿಂತಿದ್ದ. ಅವನ ಮುಖದಲ್ಲಿ ನಗು ಇತ್ತು.”

ಆ ಕಲ್ಲನ್ನು ನಾನು ಮುಟ್ಟಿ ನೋಡಿದೆ. ಚಳಿಗಾಲದ ನೀರಿನಂತೆ ಕೊರೆಯುತ್ತಿತ್ತು.

ಆಯ್ಕೆಗೆ ಹೊರಡುವ ಮುನ್ನಾದಿನ ಅವಳು ಕ್ಯಾಪ್ಟನ್‌ಗೆ, ಆ ಕಥೆಯನ್ನು ಬರೆಯಲಾರೆ ಎಂದಳು. ಬರೆದಷ್ಟೂ ಅವನು ಗಟ್ಟಿಯಾಗುತ್ತಾನೆ ಎಂದಳು. ಕ್ಯಾಪ್ಟನ್ ಬೈಯಲಿಲ್ಲ, ಬೇಡಿಕೊಂಡ.

“ಇದೊಂದು ಸಲ ಬರೆದುಬಿಡು ಮಗಳೇ. ಗೆಲ್ಲೋ ಕಥೆ ಅದು. ನಿನಗೆ ಇನ್ನೊಂದು ಸಲ ಇಲ್ಲ. ನೀನು ಬಂದ ಮೇಲೆ ನಾನು ಅದನ್ನ ಯಾರಿಗೂ ಹೇಳಿಕೊಡಲ್ಲ, ಆಣೆ.”

“ಅಷ್ಟರಲ್ಲಿ ಯಾರಾದರೂ ಕೂಗಿದರೆ ಸಾರ್?”

ಅವನು ತನ್ನ ಕೇಳದ ಕಿವಿಯನ್ನು ಬೆರಳಿನಿಂದ ತಿಕ್ಕುತ್ತಾ ಕುಳಿತ.

ಆಯ್ಕೆಯಲ್ಲಿ ನಡೆದುದನ್ನು ಅವಳೇ ಆಮೇಲೆ ನನಗೆ ಹೇಳಿದಳು. ದೊಡ್ಡ ಕೋಣೆ, ಸಾಲು ಸಾಲು ಕುರ್ಚಿ, ಎಲ್ಲರ ಎದೆಯ ಮೇಲೂ ಸಂಖ್ಯೆಯ ಬಟ್ಟೆ. ದೀಪ ಆರಿತು, ಚಿತ್ರ ಬಿತ್ತು. ಹಿಂದೆರಡು ಸಲ ಮಸುಕಾಗಿದ್ದ ಚಿತ್ರ ಈ ಸಲ ಅವಳಿಗೆ ಸ್ಪಷ್ಟವಾಗಿ ಕಂಡಿತು. ಮೆಟ್ಟಿಲು, ನೀರು, ಬೆನ್ನು ತಿರುಗಿಸಿ ನಿಂತ ಬಿಳಿ ಅಂಗಿ. ಪಕ್ಕದವರಿಗೆ ಕಂಡದ್ದು ಬೇರೆ: ಒಬ್ಬನಿಗೆ ರೈಲು ನಿಲ್ದಾಣ, ಒಬ್ಬಳಿಗೆ ಆಸ್ಪತ್ರೆ. ದೀಪ ಹತ್ತುವ ಮೊದಲು ಆ ಬೆನ್ನು ಸ್ವಲ್ಪ ಇತ್ತ ತಿರುಗಿತೆಂದು ಅವಳು ಹೇಳುತ್ತಾಳೆ. ಅವನ ಪ್ರಶ್ನೆ ಅದೇ ಇರಬೇಕು, ಯಾರಾದರೂ ಕೂಗಿದರಾ ಎಂದು. ಅವಳು ಬರೆದಳು:

‘ಬಿಳಿ ಅಂಗಿಯವನು ಬಹಳ ಕಾಲದಿಂದ ನೀರಿನ ಬಳಿ ನಿಂತಿದ್ದಾನೆ. ಯಾರೂ ಕೂಗಲಿಲ್ಲ. ಓಡುತ್ತಾ ಬಂದ ಹುಡುಗಿಯೊಬ್ಬಳು, ಇನ್ನು ಯಾರೂ ಕೂಗುವುದಿಲ್ಲ, ಮನೆಗೆ ಹೋಗಿ ಎನ್ನುತ್ತಾಳೆ. ಅವನು ಊರೊಳಗೆ ನಡೆದು ಹೋಗುತ್ತಾನೆ. ಒಬ್ಬ ತಾಯಿ ಅವನ ಒದ್ದೆ ಅಂಗಿಯನ್ನು ತೆಗೆದುಕೊಂಡು ಇಸ್ತ್ರಿ ಮಾಡುತ್ತಾಳೆ. ಅವನು ಬೂಟು ಬಿಚ್ಚಿ, ಉಂಡು ಮಲಗುತ್ತಾನೆ.’

ಆಮೇಲೆ ಕಥೆಗಳ ಮೇಲೆ ನಡೆದ ಗುಂಪಿನ ಚರ್ಚೆಯಲ್ಲಿ ಒಬ್ಬ ಜೋರಾಗಿ ನಕ್ಕನಂತೆ. “ನಿಮ್ಮ ಹೀರೋ ಏನು ಸಾಧಿಸಿದ? ಊಟ ಮಾಡಿ ಮಲಗಿದ!”

“ಹೌದು” ಎಂದಳಂತೆ ಮಿಡತೆ. “ಅವನಿಗೆ ಅಷ್ಟು ಹೊತ್ತು ಯಾರೂ ಅದನ್ನ ಮಾಡೋಕೆ ಬಿಟ್ಟಿರಲಿಲ್ಲ.”

ಮಧ್ಯಾಹ್ನ ಆಯ್ಕೆಯಾದವರ ಸಂಖ್ಯೆಗಳನ್ನು ಕೂಗಿದರು. ಅವಳದು ಬರಲಿಲ್ಲ. ಎದೆಯ ಬಟ್ಟೆಯನ್ನು ಬಿಚ್ಚಿಕೊಟ್ಟು, ರೈಲು ಹಿಡಿದು ಬಂದಳು. ದಾರಿಯುದ್ದಕ್ಕೂ ಅತ್ತಳು, ಅದನ್ನು ಅವಳು ಮುಚ್ಚಿಡಲಿಲ್ಲ.

ನಿಲ್ದಾಣದಿಂದ ಅವಳನ್ನು ಕರೆತಂದವನು ನಾನೇ. ಮೊದಲು ಏರಿಗೆ ಹೋಗೋಣ ಎಂದಳು. ಮೆಟ್ಟಿಲುಗಳು ಒಣಗಿ ಬೆಳ್ಳಗಾಗಿದ್ದವು. ಇಬ್ಬರು ಹೆಂಗಸರು ಬಟ್ಟೆ ಒಗೆಯುತ್ತಾ ಯಾರದೋ ಸೊಸೆಯನ್ನು ಆಡಿಕೊಳ್ಳುತ್ತಿದ್ದರು. ಮಿಡತೆ ನಡುವಿನ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಳು.

ಅಂಗಡಿಗೆ ಬಂದಾಗ ತಾಯಿ ಮಗಳ ಮುಖ ನೋಡಿ ನೀರು ಕೊಟ್ಟಳು. ಆಮೇಲೆ ತಂತಿಯ ಕಡೆ ಕೈ ತೋರಿಸಿದಳು.

“ನೀನು ಪರೀಕ್ಷೆಗೆ ಕೂತ ದಿನ ಒಬ್ಬ ಬಂದಿದ್ದ ಕಣೇ. ಮೈಯೆಲ್ಲ ತೊಯ್ದು ತೊಪ್ಪೆ. ಮೋಡವೇ ಇಲ್ಲ, ಎಲ್ಲಿ ನೆನೆದನೋ. ಶರ್ಟು ಬಿಚ್ಚಿ ಮೇಜಿನ ಮೇಲಿಟ್ಟ. ‘ಇವತ್ತು ಯಾರೂ ಕೂಗಲಿಲ್ಲ’ ಅಂದ. ‘ಒಳ್ಳೇದೇ ಆಯ್ತಪ್ಪ, ನಾಳೆ ಬಾ’ ಅಂದೆ. ಬರೀ ಮೈಯಲ್ಲೇ ಹೋದ. ಇನ್ನೂ ಬಂದಿಲ್ಲ.”

ಬಿಳಿ ಅಂಗಿ. ಕಾಲರನ್ನು ಅವಳು ಆಗಲೇ ಹೊಲಿದಿದ್ದಳು. ಜೇಬಿನಲ್ಲಿದ್ದ ಬೆಂಕಿಪೊಟ್ಟಣವನ್ನು ಒಣಗಲೆಂದು ಒಲೆಯ ಅಂಚಿಗೆ ಇಟ್ಟಿದ್ದಳು.

ಇದೆಲ್ಲ ನಡೆದು ವರ್ಷಗಳಾದವು. ಕ್ಯಾಪ್ಟನ್ ಕಿಟಕಿಯ ಕಂದು ಕಾಗದವನ್ನು ಕಿತ್ತುಹಾಕಿದ. ಮಿಡತೆ ಅವನ ಬಳಿ ಕಲಿಯಲು ಬರುವ ಮಕ್ಕಳನ್ನು ಏರಿಯ ಮೇಲೆ ಓಡಿಸುತ್ತಾಳೆ, ಈಜು ಕಲಿಸುತ್ತಾಳೆ. ಅವಳ ಕೈಯಲ್ಲಿ ಪಳಗಿದವರಲ್ಲಿ ಕೆಲವರು ಈಗ ನಿಜವಾಗಿಯೂ ಹಾರುತ್ತಿದ್ದಾರೆ. ಮೇಲೆ ಸದ್ದಾದರೆ ಅವಳು ಈಗಲೂ ತಲೆಯೆತ್ತಿ ನೋಡುತ್ತಾಳೆ, ಆಮೇಲೆ ಸೀಟಿ ಊದುತ್ತಾಳೆ. ಚಿತ್ರದ ಕಥೆ ಹೇಗೆ ಬರೆಯಬೇಕೆಂದು ಮಕ್ಕಳು ಕೇಳಿದರೆ, “ಕಂಡದ್ದನ್ನ ಬರೀರಿ. ಆದರೆ ಯಾರನ್ನ ಹೊರಗೆ ತರ್ತೀರೋ ಅವರನ್ನ ವಾಪಸ್ ಮನೆ ಸೇರಿಸಿ” ಎನ್ನುತ್ತಾಳೆ.

ಅಂಗಿ ಇನ್ನೂ ತಂತಿಯ ಮೇಲಿದೆ. ತಾಯಿ ಅದನ್ನು ಆಗಾಗ ಇಳಿಸಿ ಇಸ್ತ್ರಿ ಮಾಡುತ್ತಾಳೆ. ಎಷ್ಟು ಕಾದ ಪೆಟ್ಟಿಗೆ ಇಟ್ಟರೂ ಅದರಿಂದ ಹಬೆ ಏಳುತ್ತದೆ. ನಿನ್ನೆ ಸಂಜೆ ನಾನು ನೋಡುತ್ತಿದ್ದಂತೆಯೇ ಎದ್ದಿತು.

“ಇನ್ನೂ ಸ್ವಲ್ಪ ಹಸಿ ಇದೆ ಮೇಷ್ಟ್ರೇ” ಎಂದಳು. “ಆದರೆ ಮೊದಲಿನಷ್ಟಿಲ್ಲ.”